ಕಡಲ ದಂಡೆಯ ಮನೆಗೆ ದೂರದೂರಿನ ಬಟ್ಟೆಗಳು

ನನ್ನ ತಮ್ಮ ಹಡಗಿನಲ್ಲಿ ಕೆಲಸ ಮಾಡುತ್ತಾನೆ. ರಜೆಗೆ ಬಂದಾಗಲೆಲ್ಲ ಚಾಕಲೇಟು, ಸೆಂಟು ತರುತ್ತಿದ್ದ. ಒಂದು ಸಲ ನಾನೇ ಹೇಳಿದೆ, "ಅದೆಲ್ಲ ಬೇಡ ಮಾರಾಯ, ಹೋದಲ್ಲಿಯ ಬಟ್ಟೆ ಏನಾದರೂ ತಗೊಂಡು ಬಾ." ಹಾಗೆ ನಮ್ಮ ಕಾರವಾರದ ಮನೆಗೆ ಇಂಡೋನೇಷ್ಯಾದ ಬಾಟಿಕ್ ಬಂತು, ಮೇಣದಿಂದ ಚಿತ್ತಾರ ಬರೆದು ಬಣ್ಣಕ್ಕೆ ಅದ್ದಿದ ಬಟ್ಟೆ ಅದು. ಅದನ್ನು ಪರದೆ ಮಾಡಿದೆ. ಆಮೇಲೆ ಇಸ್ತಾಂಬುಲ್ ಪೇಟೆಯಿಂದ ಟರ್ಕಿಯ ಕಿಲೀಮ್ ಎಂಬ ನೆಲಹಾಸು ಬಂತು, ಉಜ್ಬೇಕಿಸ್ತಾನದ ಸುಜನಿ ಬಂತು.

ಸುಜನಿ ಅಂದರೆ ಕಸೂತಿ ಹಾಕಿದ ದೊಡ್ಡ ಬಟ್ಟೆ. ಪರ್ಶಿಯನ್ ಭಾಷೆಯಲ್ಲಿ ಸುಜನ್ ಅಂದರೆ ಸೂಜಿ. ಮದುಮಗಳ ಜೊತೆ ಕಳಿಸಲು ಮನೆಯ ಹೆಂಗಸರು ಸೇರಿ ಮಾಡುತ್ತಿದ್ದರು. ಉದ್ದ ಪಟ್ಟಿಗಳನ್ನು ಸಡಿಲವಾಗಿ ಜೋಡಿಸಿ ಹೂ ಬರೆಯುತ್ತಾರೆ. ಮತ್ತೆ ಬಿಚ್ಚಿ ಒಬ್ಬೊಬ್ಬರು ಒಂದೊಂದು ಪಟ್ಟಿ ತೆಗೆದುಕೊಂಡು ಹೊಲಿಯುತ್ತಾರೆ, ಕೊನೆಗೆ ಕೂಡಿಸುತ್ತಾರೆ. ನನ್ನದರ ನಡುವಿನ ದೊಡ್ಡ ಹೂವಿನ ಅರ್ಧ ಗಾಢ ಕೆಂಪು, ಇನ್ನರ್ಧ ಇಟ್ಟಿಗೆ ಬಣ್ಣ. ಹೊಲಿಗೆ ಕೂಡುವಲ್ಲಿ ಎಸಳು ಬೆರಳಿನಷ್ಟು ಜಾರಿದೆ. ಎರಡು ಕೈಗಳ ಕೆಲಸ ಅಲ್ಲಿ ಎದ್ದು ಕಾಣುತ್ತದೆ. ನನಗೆ ಅದರಲ್ಲಿ ತುಂಬ ಇಷ್ಟವಾದ ಜಾಗ ಅದೇ.

ಇಷ್ಟು ಒಳ್ಳೆಯ ಬಟ್ಟೆಯನ್ನು ನಾನು ಕಬ್ಬಿಣದ ಮೊಳೆ ಹೊಡೆದು ಪಡುವಣ ಗೋಡೆಗೆ ತೂಗಿಬಿಟ್ಟೆ. ನಮ್ಮದು ಚಿರೆಕಲ್ಲಿನ ಗೋಡೆ, ಉಪ್ಪು ಗಾಳಿ ಬೇರೆ. ಜುಲೈ ಕಳೆಯುವುದರೊಳಗೆ ಬಟ್ಟೆಯ ಹಿಂದೆ ಬೂಷ್ಟು ಹಿಡಿದಿತ್ತು. ಮೊಳೆ ಇದ್ದ ಎರಡು ಕಡೆ ತುಕ್ಕಿನ ಕಲೆ. ಬೂಷ್ಟನ್ನು ಬಿಸಿಲಲ್ಲಿ ಒಣಗಿಸಿ ಬ್ರಷ್‌ನಿಂದ ತೆಗೆದೆ. ತುಕ್ಕು ಹೋಗಲೇ ಇಲ್ಲ. ಲಿಂಬೆ ಹಚ್ಚಲು ಅಮ್ಮ ಹೇಳಿದಳು. ಆದರೆ ಮೊದಲು ಒಂದು ಮೂಲೆಗೆ ಒದ್ದೆ ಬಿಳಿ ಬಟ್ಟೆ ಒತ್ತಿ ನೋಡಿದೆ, ಕೆಂಪು ಬಣ್ಣ ಬಿಟ್ಟಿತು. ಸುಮ್ನೆ ಬಿಟ್ಟೆ. ಈಗ ಯಾವ ಬಟ್ಟೆ ಬಂದರೂ ನೀರಿಗೆ ಹಾಕುವ ಮೊದಲು ಆ ಪರೀಕ್ಷೆ ಮಾಡುತ್ತೇನೆ.

ತೂಗುವ ಕ್ರಮವನ್ನೂ ಬದಲಿಸಿದೆ. ಹಿಂದಿನ ಮೇಲಂಚಿಗೆ ನಾಲ್ಕು ಬೆರಳು ಅಗಲದ ಹತ್ತಿ ಬಟ್ಟೆಯ ಪಟ್ಟಿ ಹೊಲಿದೆ, ಲಂಗಕ್ಕೆ ಲಾಡಿ ತೂರಿಸಲು ಹೊಲಿಯುತ್ತೇವಲ್ಲ, ಹಾಗೆ. ಅದರೊಳಗೆ ನಯ ಮಾಡಿದ ಬಿದಿರಿನ ಕೋಲು ತೂರಿಸಿ, ಹಿತ್ತಾಳೆ ಕೊಕ್ಕೆಗೆ ಸಿಕ್ಕಿಸಿದೆ. ಗೋಡೆಗೂ ಬಟ್ಟೆಗೂ ನಡುವೆ ಒಂದು ಇಂಚು ಜಾಗ ಇರಬೇಕು, ಗಾಳಿ ಆಡಬೇಕು. ಜಾಗವನ್ನೂ ಒಳಗೋಡೆಗೆ ಬದಲಿಸಿದೆ. ಅಲ್ಲಿ ಬಿಸಿಲು ನೇರ ಬೀಳುವುದಿಲ್ಲ, ಬಣ್ಣವೂ ಉಳಿಯುತ್ತದೆ.

ನೆಲಕ್ಕೆ ನಮ್ಮ ಕಡೆ ಕಿಲೀಮೇ ಸರಿ. ಅದರಲ್ಲಿ ಮೇಲೆದ್ದು ನಿಲ್ಲುವ ನೂಲಿನ ಜುಂಗು ಇಲ್ಲ, ಚಾಪೆಯ ಹಾಗೆ ಚಪ್ಪಟೆ, ಬೇಗ ಒಣಗುತ್ತದೆ. ದಪ್ಪ ಉಣ್ಣೆಯ ರತ್ನಗಂಬಳಿಯ ಆಸೆಯೂ ಇತ್ತು. ಅದಕ್ಕೆ ಹಡಗು ಹತ್ತಬೇಕಿಲ್ಲ. ನಮ್ಮ ಜಿಲ್ಲೆಯ ಮುಂಡಗೋಡದಲ್ಲೇ 1966ರಿಂದ ಟಿಬೆಟಿಯನ್ನರು ಇದ್ದಾರೆ. ಅವರ ಕಂಬಳಿ ನೇಯುವ ಕ್ರಮ ಬೇರೆಯೇ. ನೂಲನ್ನು ಒಂದು ಸರಳಿಗೆ ಸುತ್ತುತ್ತಾ ಹೋಗಿ, ಸಾಲು ಮುಗಿದ ಮೇಲೆ ಸರಳಿನ ಗುಂಟ ಚಾಕು ಎಳೆಯುತ್ತಾರೆ. ಸುತ್ತುಗಳೆಲ್ಲ ಒಮ್ಮೆಗೇ ಕತ್ತರಿಸಿ ಜುಂಗಾಗುತ್ತವೆ. ನಾನು ತಂದದ್ದು 3 ಅಡಿ ಅಗಲ, 6 ಅಡಿ ಉದ್ದದ್ದು. ನಮ್ಮ ಕೆಂಪು ಗಾರೆ ನೆಲ ಮಳೆಗಾಲದಲ್ಲಿ ಬೆವರುತ್ತದೆ, ಹಾಗಾಗಿ ಅದನ್ನು ನೆಲಕ್ಕೆ ಹಾಸದೆ ಜಗಲಿಯ ಮರದ ಮಂಚಕ್ಕೆ ಹಾಸಿದ್ದೇನೆ.

ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರು ಹೊಲಿದ ಕೌದಿಯೂ ನಮ್ಮಲ್ಲಿದೆ. ಸಿದ್ದಿಗಳ ಹಿರಿಯರು ಆಫ್ರಿಕಾದಿಂದ ಬಂದವರು. ಹಳೆ ಸೀರೆ, ಅಂಗಿಯ ತುಂಡುಗಳನ್ನು ಅಂಚಿನಿಂದ ಶುರುಮಾಡಿ ಸುತ್ತು ಸುತ್ತಾಗಿ ನಡುವಿನ ಕಡೆ ಹೊಲಿಯುತ್ತಾ ಹೋಗುತ್ತಾರೆ. ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಪುಟ್ಟ ಹೂ. ಅದಿಲ್ಲದಿದ್ದರೆ ಕೌದಿ ಮುಗಿದ ಹಾಗಲ್ಲವಂತೆ. ಇದನ್ನು ಸುಜನಿಯ ಎದುರಿನ ದಿವಾನದ ಮೇಲೆ ಹಾಕಿದೆ. ಎರಡರಲ್ಲೂ ಅದೇ ಇಟ್ಟಿಗೆ ಕೆಂಪು, ನೆಲದ್ದೂ ಅದೇ. ನಾನು ಬಣ್ಣ ಹೊಂದಿಸಿದ್ದು ಅಷ್ಟೇ. ಉಳಿದ ಗೋಡೆಗಳಿಗೆ ಬರೀ ಸುಣ್ಣ. ಎಲ್ಲ ಕಡೆ ತೂಗಿದರೆ ಅಂಗಡಿ ಥರ ಕಾಣುತ್ತದೆ, ಅಲ್ವಾ?

ಮೇ ಕೊನೆಯ ವಾರ ಗೋಡೆಯದ್ದನ್ನೆಲ್ಲ ಇಳಿಸುತ್ತೇನೆ. ಬಿಸಿಲು ತೋರಿಸಿ, ಕಸೂತಿ ಬಟ್ಟೆಗಳನ್ನು ಮಡಚದೆ ಕೊಳವೆಗೆ ಸುತ್ತಿ, ಹಳೆಯ ಹತ್ತಿ ಸೀರೆಯಲ್ಲಿ ಕಟ್ಟುತ್ತೇನೆ. ಜೊತೆಗೆ ಲಾವಂಚದ ಬೇರು, ಬಜೆಯ ತುಂಡು. ಪ್ಲಾಸ್ಟಿಕ್ ಚೀಲ ಮಾತ್ರ ಬೇಡ, ಒಳಗೇ ಬೆವರುತ್ತದೆ. ನೆಲದ, ಮಂಚದ ಹಾಸು ಬಿಟ್ಟರೆ ಮಳೆಗಾಲದಲ್ಲಿ ಹೊರಗೆ ಉಳಿಯುವುದು ಕೌದಿ, ಬಾಟಿಕ್ ಪರದೆ ಎರಡೇ. ಎರಡೂ ಹತ್ತಿ, ಒಗೆದು ಅಟ್ಟದಲ್ಲಿ ಹರವಿದರೆ ಹೇಗೋ ಒಣಗುತ್ತವೆ. ದೀಪಾವಳಿಗೆ ಮೊದಲು ಗಂಟು ಬಿಚ್ಚುವ ದಿನ ಮನೆಯಿಡೀ ಲಾವಂಚದ ಪರಿಮಳ.

ಮೊನ್ನೆ ತಮ್ಮ ಫೋನ್ ಮಾಡಿದ್ದ. "ಅಕ್ಕಾ, ಈ ಸಲ ಏನು ತರಲಿ?"

"ಹತ್ತಿಯದ್ದೇ ತಾ. ತೆಳ್ಳಗಿರಲಿ. ನಮ್ಮ ಬಾಗಿಲಿಗಿಂತ ಉದ್ದ ಬೇಡ," ಅಂದೆ.