ಒಂದು ಗ್ರಾಂ ಚಿನ್ನಕ್ಕೆ ಎಷ್ಟು ಸೈನೈಡ್?

ಕೋಲಾರದಲ್ಲಿ ಫಸ್ಟ್ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಸ್ಟಾಯ್ಕಿಯೋಮೆಟ್ರಿ, ಅಂದರೆ ಯಾವ ವಸ್ತು ಎಷ್ಟಕ್ಕೆ ಎಷ್ಟು ಬೇಕು ಅನ್ನುವ ಲೆಕ್ಕದ ಪಾಠವನ್ನು ನಾನು ಶುರು ಮಾಡುವುದು ಕೆಜಿಎಫ್‌ನಿಂದ. ಗಣಿ ಮುಚ್ಚಿದ್ದು 2001ರಲ್ಲಿ, ಈ ಮಕ್ಕಳು ಹುಟ್ಟುವ ಮೊದಲೇ. ಆದರೂ ಅಲ್ಲಿನ ಸೈನೈಡ್ ದಿಬ್ಬಗಳ (ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯ ಗುಡ್ಡೆಗಳ) ಬಗ್ಗೆ ಕೇಳದವರು ನಮ್ಮ ಜಿಲ್ಲೆಯಲ್ಲಿ ಕಮ್ಮಿ.

ಪುಡಿ ಮಾಡಿದ ಅದಿರಿನಿಂದ ಚಿನ್ನವನ್ನು ಸೋಡಿಯಂ ಸೈನೈಡ್ ಬೆರೆಸಿದ ನೀರು ಕರಗಿಸಿಕೊಳ್ಳುತ್ತದೆ. ಸಮೀಕರಣ ಸರಿದೂಗಿಸಿದರೆ 4 ಚಿನ್ನಕ್ಕೆ 8 ಸೋಡಿಯಂ ಸೈನೈಡ್, 1 ಆಕ್ಸಿಜನ್, 2 ನೀರು. ಈಗ ಕೇಳುತ್ತೇನೆ: ಒಂದು ಗ್ರಾಂ ಚಿನ್ನಕ್ಕೆ ಸೈನೈಡ್ ಎಷ್ಟು? "ಎರಡು ಗ್ರಾಂ ಸಾರ್" ಅಂತ ಥಟ್ಟನೆ ಉತ್ತರ ಬರುತ್ತದೆ. ನಾಲ್ಕಕ್ಕೆ ಎಂಟು, ಅಂದರೆ ಒಂದಕ್ಕೆ ಎರಡು ಅಲ್ವಾ?

ಒಂದಕ್ಕೆ ಎರಡು ನಿಜ, ಆದರೆ ಅದು ಮೋಲ್ ಲೆಕ್ಕ. ಮೋಲ್ ಅಂದರೆ ಕಣಗಳ ಎಣಿಕೆಯ ಅಳತೆ, ತೂಕದ್ದಲ್ಲ. ಒಂದು ಮೋಲ್ ಚಿನ್ನ 197 ಗ್ರಾಂ ತೂಗುತ್ತದೆ. ಸೋಡಿಯಂ ಸೈನೈಡ್ 23, 12, 14 ಕೂಡಿ 49 ಗ್ರಾಂ ಅಷ್ಟೇ. ಒಂದು ಗ್ರಾಂ ಚಿನ್ನವನ್ನು 197ರಿಂದ ಭಾಗಿಸಿದರೆ 0.0051 ಮೋಲ್. ಅದರ ಎರಡರಷ್ಟು 0.0102 ಮೋಲ್ ಸೈನೈಡ್. 49ರಿಂದ ಗುಣಿಸಿದರೆ ಸುಮಾರು ಅರ್ಧ ಗ್ರಾಂ! ಎರಡು ಎಲ್ಲಿ, ಅರ್ಧ ಎಲ್ಲಿ. ಗ್ರಾಂನಿಂದ ನೇರವಾಗಿ ಗ್ರಾಂಗೆ ಹಾರುವ ಚಟ ಇಲ್ಲೇ ಬಿಡುತ್ತದೆ.

ಒಂದು ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಸುಮ್ನೆ '0.0102 ಮೋಲ್' ಅಂತ ಬರೆದರೆ ಒಪ್ಪುವುದಿಲ್ಲ. ಯಾವುದರ ಮೋಲ್ ಅಂತಲೂ ಪಕ್ಕದಲ್ಲಿ ಬರೆಯಬೇಕು.

ಲಿಮಿಟಿಂಗ್ ರಿಯೇಜೆಂಟ್, ಅಂದರೆ ಮೊದಲು ಮುಗಿದು ಕ್ರಿಯೆಯನ್ನು ನಿಲ್ಲಿಸುವ ವಸ್ತು ಕೂಡ ಇದೇ ಲೆಕ್ಕದಲ್ಲಿ ಸಿಗುತ್ತದೆ. ಒಂದು ಲೀಟರ್ ನೀರಿನಲ್ಲಿ ಕರಗಿರುವ ಆಕ್ಸಿಜನ್ ಸುಮಾರು 8 ಮಿಲಿಗ್ರಾಂ, ಅಂದರೆ 0.25 ಮಿಲಿಮೋಲ್. ಅದಕ್ಕೆ 490 ಮಿಲಿಗ್ರಾಂ ಸೈನೈಡ್ ಹಾಕಿದ್ದೇವೆ, ಅದು 10 ಮಿಲಿಮೋಲ್. ಚಿನ್ನ ಬೇಕಾದಷ್ಟಿದೆ ಅಂದುಕೊಳ್ಳಿ. ಪ್ರತಿಯೊಂದನ್ನೂ ಸಮೀಕರಣದಲ್ಲಿರುವ ಅದರ ಸಂಖ್ಯೆಯಿಂದ ಭಾಗಿಸಿ: ಆಕ್ಸಿಜನ್ 0.25, ಸೈನೈಡ್ 1.25. ಚಿಕ್ಕದು ಆಕ್ಸಿಜನ್, ಮೊದಲು ಮುಗಿಯುವುದೂ ಅದೇ. ಇನ್ನೆಷ್ಟು ಸೈನೈಡ್ ಸುರಿದರೂ 197 ಮಿಲಿಗ್ರಾಂಗಿಂತ ಜಾಸ್ತಿ ಚಿನ್ನ ಕರಗದು. ಸೈನೈಡ್ ತೊಟ್ಟಿಗಳಿಗೆ ಗಾಳಿ ಊದುವುದು ಇದಕ್ಕೇ. ಲೆಕ್ಕ ಇಲ್ಲಿಗೆ ಬಂದಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ, ನನಗೆ ತುಂಬಾ ಖುಷಿ ಕೊಡುವ ಗಳಿಗೆ ಅದು.

ಗಣಿಯಲ್ಲಿ ಅರ್ಧ ಗ್ರಾಂ ಸಾಲುವುದಿಲ್ಲ ಅನ್ನುವುದನ್ನೂ ಹೇಳುತ್ತೇನೆ. ಅದಿರಿನಲ್ಲಿರುವ ತಾಮ್ರ, ಗಂಧಕದ ಖನಿಜಗಳೂ ಸೈನೈಡ್ ತಿಂದುಹಾಕುತ್ತವೆ.

ಮನೆಗೆ ಕೊಡುವ ಲೆಕ್ಕ ಇದು: ಕರಗಿದ ಚಿನ್ನವನ್ನು ಸತುವಿನ ಪುಡಿ ಹಾಕಿ ಹೊರಗೆ ತೆಗೆಯುತ್ತಾರೆ. 2 ಮೋಲ್ ಚಿನ್ನಕ್ಕೆ 1 ಮೋಲ್ ಸತು, ಸತುವಿನ ಒಂದು ಮೋಲ್ 65.4 ಗ್ರಾಂ. ಒಂದು ಗ್ರಾಂ ಚಿನ್ನಕ್ಕೆ ಎಷ್ಟು ಸತು ಬೇಕು? 0.166 ಗ್ರಾಂ ಬರಬೇಕು.