ಪೌಲ್ ಲಿಂಕೆಯ ಮಿಂಚುಹುಳು ನನ್ನ ಪಿಟೀಲಿಗೆ ಬಂದದ್ದು ಹೀಗೆ

ಬರ್ಲಿನ್‌ಗೆ ಬಂದ ಎರಡನೇ ವರ್ಷ ನಮ್ಮ ಬಡಾವಣೆಯ ಹವ್ಯಾಸಿ ಆರ್ಕೆಸ್ಟ್ರಾ ಸೇರಿದೆ. ಅದಕ್ಕೂ ಮುಂಚೆ ಹನ್ನೆರಡು ವರ್ಷ ನಾನು ಕಲಿತದ್ದು ಕರ್ನಾಟಕ ಸಂಗೀತದ ಪಿಟೀಲು. ನೆಲದ ಮೇಲೆ ಕೂತು, ಪಿಟೀಲಿನ ತುದಿಯನ್ನು ಪಾದಕ್ಕೆ ಆನಿಸಿ ನುಡಿಸಿ ಅಭ್ಯಾಸ. ಇಲ್ಲಿ ಕೈಗೆ ಬಂದ ಮೊದಲ ಸ್ವರಲಿಪಿ ಹಾಳೆ ಬರ್ಲಿನ್‌ನ ಸಂಗೀತ ಸಂಯೋಜಕ ಪೌಲ್ ಲಿಂಕೆಯ ‘ಮಿಂಚುಹುಳು’. 1902ರ ‘ಲಿಸಿಸ್ಟ್ರಾಟಾ’ ಆಪೆರೆಟಾದ, ಅಂದರೆ ಮಾತು ಹಾಡು ಬೆರೆತ ಹಗುರ ಸಂಗೀತ ನಾಟಕದ, ಹಾಡು ಅದು. ಕೇಳೋಕೆ ಸಲೀಸು, ನುಡಿಸೋಕೆ ಹೋದರೆ ಬೆರಳು ಮಾತೇ ಕೇಳಲಿಲ್ಲ.

ನನ್ನ ಬೆರಳು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಕೊಂಡೇ ಹೋಗುತ್ತಿತ್ತು. ಈ ಹಾಡಿಗೆ ಜಾರು ಬೇಡ. ಸ್ವರ ಮಿನುಗಿ ಅಲ್ಲೇ ಆರಬೇಕು, ನಡುವೆ ಒಂಚೂರು ಖಾಲಿ ಜಾಗ ಬೇಕು. ಹಾಳೆಯ ಕೆಳಗೆ ಸರಿಗಮ ಬರೆದುಕೊಂಡೆ. ಸ್ವರ ನೆನಪಾಯಿತು, ನಡಿಗೆ ಬರಲಿಲ್ಲ.

ಪಕ್ಕದಲ್ಲಿ ಬಸೂನ್ ಅನ್ನೋ ತಗ್ಗು ದನಿಯ ವಾದ್ಯ ಊದುವ ಹಿರಿಯರೊಬ್ಬರು, ‘ನಿಮ್ಮ ಸಾಲು ಬಿಡಿ, ನನ್ನ ಸಾಲು ಕೇಳಿ, ಲಿಂಕೆ ಶುರು ಮಾಡಿದ್ದೂ ಬಸೂನ್‌ನಲ್ಲೇ’ ಅಂದರು. ಅದು ನಿಜ. 1866ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಲಿಂಕೆ ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ. ವಿಟೆನ್‌ಬೆರ್ಗೆ ಊರಲ್ಲಿ ಬಸೂನ್ ಕಲಿತು, ಬರ್ಲಿನ್‌ನ ನಾಟಕ ಮಂದಿರಗಳಲ್ಲಿ ವಾದಕನಾಗಿ ಕೂತು, ಆಮೇಲೆ ಆರ್ಕೆಸ್ಟ್ರಾ ನಡೆಸಿದವನು.

ಎರಡು ವಾರ ಹಾಡನ್ನು ಮುಟ್ಟಲೇ ಇಲ್ಲ. ಬಸೂನ್ ಸಾಲನ್ನೇ ಮೇಲಿನ ಸ್ಥಾಯಿಯಲ್ಲಿ, ತಾಳ ಬಡಿಯುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು, ಕಾಲಲ್ಲಿ ಹೆಜ್ಜೆ ಹಾಕುತ್ತಾ ನುಡಿಸಿದೆ. ಆಮೇಲೆ ಹಾಡು ಎತ್ತಿಕೊಂಡಾಗ ಎಲ್ಲಿ ನಿಲ್ಲಬೇಕು ಅಂತ ಪಿಟೀಲಿನ ಕಮಾನಿಗೇ ಗೊತ್ತಾಗಿತ್ತು!

ಆಮೇಲೆ ಲಿಂಕೆಯದೇ ಇನ್ನೊಂದು ಆಪೆರೆಟಾ ‘ಫ್ರಾವ್ ಲೂನಾ’ ಹಿಡಿದೆ. 1899ರಲ್ಲಿ ಬರ್ಲಿನ್‌ನ ಅಪೋಲೊ ಥಿಯೇಟರ್‌ನಲ್ಲಿ ಮೊದಲು ಆಡಿದ್ದು. ಸ್ಟೆಪ್ಕೆ ಅನ್ನೋ ಬರ್ಲಿನ್ ಮೆಕ್ಯಾನಿಕ್ ಬಲೂನಿನಲ್ಲಿ ಚಂದ್ರನಿಗೆ ಹೋಗುವ ಕಥೆ. ಈಗ ಅದರಲ್ಲೇ ಹಾಡುವ ‘ಬರ್ಲಿನರ್ ಲುಫ್ಟ್’, ಅಂದರೆ ಬರ್ಲಿನ್ ಗಾಳಿ, ನಿಜಕ್ಕೂ 1904ರ ಬೇರೊಂದು ಆಟಕ್ಕೆ ಬರೆದದ್ದು. ವಾಲ್ಡ್‌ಬ್ಯೂನೆಯ ಬಯಲು ರಂಗದಲ್ಲಿ ಬರ್ಲಿನ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾ ಬೇಸಿಗೆ ಕಛೇರಿ ಮುಗಿಸುವುದೇ ಇದರಿಂದ, ಜನ ಜೊತೆಗೆ ಸಿಳ್ಳೆ ಹಾಕುತ್ತಾರೆ. ಇದನ್ನು ಹಗುರ ಸಂಗೀತ ಅಂತ ಬದಿಗಿಡುವವರನ್ನು ನಾನು ಒಪ್ಪಲ್ಲ. ಇಡೀ ಊರು ಬಾಯಿಪಾಠ ಮಾಡಿಕೊಳ್ಳುವ ರಾಗ ಕಟ್ಟೋದು ಸುಲಭವಾ?

ಲಿಂಕೆಯ ಬದುಕಿನ ಕೊನೆ ಮಾತ್ರ ನನ್ನನ್ನು ಕಲಕುತ್ತದೆ. ನಾಜಿ ಆಡಳಿತ ಅವನನ್ನು ಮೆರೆಸಿತು, 1941ರಲ್ಲಿ ಬರ್ಲಿನ್‌ನ ಗೌರವ ನಾಗರಿಕನಾದ. ಅದನ್ನು ಮರೆತು ನುಡಿಸೋಕೆ ನನಗಾಗಲ್ಲ. ಯುದ್ಧ ಮುಗಿದ ಮೇಲೆ ಅವನಿಗೆ ಬರ್ಲಿನ್‌ಗೆ ಮರಳೋಕೆ ಆಗಲೇ ಇಲ್ಲ. 1946ರಲ್ಲಿ ಹಾರ್ಟ್ಸ್ ಬೆಟ್ಟಗಳ ಹಾನೆನ್‌ಕ್ಲೇಯಲ್ಲಿ ತೀರಿಕೊಂಡ.

ಬರ್ಲಿನ್‌ನ ಕ್ರಾಯ್ಟ್ಸ್‌ಬೆರ್ಗ್ ಭಾಗದ ಕಾಲುವೆ ದಂಡೆಯ ರಸ್ತೆಗೆ ಈಗ ಅವನ ಹೆಸರಿದೆ. ಅಭ್ಯಾಸಕ್ಕೆ ಆ ದಾರಿಯಲ್ಲೇ ಸೈಕಲ್ ತುಳಿಯುತ್ತೇನೆ. ಮುಂದಿನ ತಿಂಗಳು ‘ಬರ್ಲಿನ್ ಗಾಳಿ’ ಶುರು, ಅದರ ಬಸೂನ್ ಸಾಲನ್ನು ಈಗಲೇ ಹಿಡಿದಿದ್ದೇನೆ.