ಗ್ಯಾಸ್ ಗೀಸರ್ ಗ್ಯಾಸ್ ಹಾಳು ಮಾಡ್ತಿದ್ಯಾ? ಮನೇಲೇ ಅಳೆದು ನೋಡಿ
ಹೊಸ ಗೀಸರ್ ತಗೊಳೋಕೆ ಮುಂಚೆ ದಯವಿಟ್ಟು ಇದೊಂದು ಮಾಡಿ. ಸಿಲಿಂಡರನ್ನ ಗ್ರಾಂ ಲೆಕ್ಕ ತೋರ್ಸೋ ಡಿಜಿಟಲ್ ತಕ್ಕಡಿ ಮೇಲೇ ಇಟ್ಬಿಡಿ, ಪೈಪ್ ಬಿಚ್ಚೋದು ಬೇಡ, ತೂಕ ಬರ್ಕೊಂಡು 20 ಲೀಟರ್ ಬಕೆಟಲ್ಲಿ 5 ಸಲ ಬಿಸಿನೀರು ಹಿಡೀರಿ, ತಣ್ಣೀರು ಬಿಸಿನೀರು ಎರಡರ ಡಿಗ್ರಿನೂ ಥರ್ಮಾಮೀಟರಲ್ಲಿ ನೋಡಿ, ಆಮೇಲೆ ಮತ್ತೆ ತೂಕ ನೋಡಿ. ಲೀಟರ್, ಏರಿದ ಡಿಗ್ರಿ, 4.2 ಈ ಮೂರನ್ನ ಗುಣಿಸಿದ್ರೆ ನೀರಿಗೆ ಸೇರಿದ ಶಾಖ ಕಿಲೋಜೌಲಲ್ಲಿ ಸಿಗುತ್ತೆ. ಎಲ್‌ಪಿಜಿ ಗ್ರಾಂಗೆ ಸುಮಾರು 46 ಕಿಲೋಜೌಲ್ ಕೊಡುತ್ತೆ, ಹಾಗಾಗಿ ಖರ್ಚಾದ ಗ್ರಾಂನ 46ರಿಂದ ಗುಣಿಸಿ, ನೀರಿಗೆ ಸೇರಿದ ಶಾಖನ ಅದ್ರಿಂದ ಭಾಗಿಸಿ, ಗ್ಯಾಸಿನ ಶಾಖದಲ್ಲಿ ಎಷ್ಟು ಪಾಲು ನೀರಿಗೆ ಹೋಯ್ತು ಅಂತ ಗೊತ್ತಾಗುತ್ತೆ. 100 ಲೀಟರ್ 25 ಡಿಗ್ರಿ ಏರೋಕೆ 280 ಗ್ರಾಂ ಖರ್ಚಾದ್ರೆ 10500 ಭಾಗಿಸು 12880, ಅಂದ್ರೆ ಶೇ. 81ರ ಮೇಲೆ, ಚೆನ್ನಾಗೇ ಇದೆ. ತುಂಬಾ ಕಮ್ಮಿ ಬಂದು ಜ್ವಾಲೆನೂ ಹಳದಿ ಇದ್ರೆ ಬರ್ನರ್ ಕ್ಲೀನ್ ಮಾಡ್ಸಿ, ಹಳದಿ ಜ್ವಾಲೆ ಅಂದ್ರೆ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಾನಿಲದ ಅಪಾಯನೂ ಹೌದು, ಅಲ್ಲೀವರೆಗೂ ಉಪಯೋಗಿಸ್ಬೇಡಿ.